ಫ್ರೂಮ್ ಊರನ್ನು ನಡೆಸುವವರು ಯಾರು?

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಸಾಮರ್ಸೆಟ್ ಕೌಂಟಿಯಲ್ಲಿ ಫ್ರೂಮ್ ಅಂತ ಒಂದು ಊರಿದೆ. ಜನ ಸುಮಾರು 28 ಸಾವಿರ. ಅಲ್ಲಿನ ಮನೆಗಳಿಗೆ ವರ್ಷಕ್ಕೊಮ್ಮೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆಯ ಬಿಲ್ಲು ಬರುತ್ತದೆ. ಅದನ್ನು ಬಿಡಿಸಿ ನೋಡಿದರೆ ಊರಿನ ಆಡಳಿತ ಅರ್ಧ ಅರ್ಥವಾಗಿಬಿಡುತ್ತದೆ.

ಬಿಲ್ಲಿನ ದೊಡ್ಡ ಪಾಲು ಸಾಮರ್ಸೆಟ್ ಕೌನ್ಸಿಲ್‌ಗೆ. ರಸ್ತೆ, ಕಸ, ಮನೆ ಕಟ್ಟುವ ಪರವಾನಗಿ, ವಯಸ್ಸಾದವರ ಆರೈಕೆ ಎಲ್ಲ ಅವರದೇ. ಮೊದಲು ಇವುಗಳಲ್ಲಿ ಕೆಲವನ್ನು ಮೆಂಡಿಪ್ ಜಿಲ್ಲಾ ಕೌನ್ಸಿಲ್ ನೋಡಿಕೊಳ್ಳುತ್ತಿತ್ತು. 2023ರ ಏಪ್ರಿಲ್ 1ರಂದು ಅದನ್ನು ರದ್ದು ಮಾಡಿ, ಎಲ್ಲವನ್ನೂ ಒಂದೇ ಕೌನ್ಸಿಲ್ ಕೈಗೆ ಕೊಟ್ಟರು. ಅದರ ಮುಖ್ಯ ಕಚೇರಿ ಇರುವುದು ಕೌಂಟಿಯ ಇನ್ನೊಂದು ಬದಿಯ ಟಾಂಟನ್‌ನಲ್ಲಿ. ಬಿಲ್ಲಿನಲ್ಲಿ ಪೊಲೀಸರಿಗೆ ಒಂದು ಸಾಲು, ಅಗ್ನಿಶಾಮಕ ದಳಕ್ಕೆ ಇನ್ನೊಂದು.

ಇವುಗಳ ಜೊತೆಗೆ ಒಂದು ಸಣ್ಣ ಮೊತ್ತ ಇರುತ್ತದೆ. ಅದು ಫ್ರೂಮ್ ಟೌನ್ ಕೌನ್ಸಿಲ್‌ನದು. ನನಗೆ ಇಷ್ಟವಾಗುವುದು ಈ ಸಾಲೇ.

ಟೌನ್ ಕೌನ್ಸಿಲ್‌ಗೆ ಅಧಿಕಾರ ಕಡಿಮೆ. ಹೊಸ ಕಟ್ಟಡಕ್ಕೆ ಅದು ಅಭಿಪ್ರಾಯ ಹೇಳಬಹುದು, ಅನುಮತಿ ಕೊಡಲಾರದು. ಮೇಯರ್‌ರನ್ನು ಪ್ರತಿ ವರ್ಷ ಸದಸ್ಯರೇ ಆರಿಸುತ್ತಾರೆ. ದಿನದ ಕೆಲಸ ನಡೆಸುವುದು ಸಂಬಳದ ಮೇಲಿರುವ ಟೌನ್ ಕ್ಲರ್ಕ್ ಮತ್ತು ಸಿಬ್ಬಂದಿ. ಸಭೆಗೆ ಪೂರಾ ಮೂರು ದಿನ ಮೊದಲು ನೋಟಿಸ್ ಹಾಕಲೇಬೇಕು, ಏನೇನು ಚರ್ಚೆ ಅಂತ ಅದರಲ್ಲೇ ಬರೆದಿರಬೇಕು. ಬಾಗಿಲು ಊರಿನವರಿಗೆ ತೆರೆದಿರುತ್ತದೆ.

ಇಷ್ಟು ಕಡಿಮೆ ಅಧಿಕಾರದಲ್ಲಿ ಏನು ಮಾಡೋಕಾಗುತ್ತೆ ಅಂತ ಕೇಳಬಹುದು. ಫ್ರೂಮ್‌ನವರು ಮಾಡಿ ತೋರಿಸಿದ್ದಾರೆ. 2011ರಲ್ಲಿ ಊರಿನ ಒಂದಷ್ಟು ಜನ ಸೇರಿ, ಯಾವ ರಾಷ್ಟ್ರೀಯ ಪಕ್ಷದ ಹಂಗೂ ಇಲ್ಲದೆ ಚುನಾವಣೆಗೆ ನಿಂತರು. ಗುಂಪಿನ ಹೆಸರು ‘ಇಂಡಿಪೆಂಡೆಂಟ್ಸ್ ಫಾರ್ ಫ್ರೂಮ್’. 17 ಸ್ಥಾನಗಳಲ್ಲಿ 10 ಗೆದ್ದರು. 2015ರಲ್ಲಿ 17ಕ್ಕೆ 17! ಇವರಲ್ಲಿ ಪಕ್ಷದ ವಿಪ್ ಇಲ್ಲ, ಅಂದರೆ ಹೀಗೇ ಮತ ಹಾಕಬೇಕು ಅಂತ ಪಕ್ಷದ ಅಪ್ಪಣೆ ಇಲ್ಲ. ಚರ್ಚೆ ಕೇಳಿ ಮನಸ್ಸು ಬದಲಾದರೆ ಬದಲಾಯಿಸಿಕೊಳ್ಳಬಹುದು, ಅದು ಸೋಲಲ್ಲ ಅಂತ ತಾವೇ ಬರೆದಿಟ್ಟುಕೊಂಡರು. ಸಭೆಯಲ್ಲಿ ಕೂರುವವರಿಗೆ ಇದಕ್ಕಿಂತ ಒಳ್ಳೆ ನಿಯಮ ಬೇಕಾ?

ಊರಿನಲ್ಲಿ ಒಂದು ಸಾರ್ವಜನಿಕ ಫ್ರಿಜ್ ಇದೆ, 2016ರಿಂದ. ಅಂಗಡಿಯಲ್ಲಿ ಉಳಿದ ಬ್ರೆಡ್ಡು, ಮನೆಯಲ್ಲಿ ಜಾಸ್ತಿಯಾದ ತರಕಾರಿ ಅಲ್ಲಿಗೆ ಬರುತ್ತದೆ. ಬೇಕಾದವರು ತೆಗೆದುಕೊಂಡು ಹೋಗುತ್ತಾರೆ. ಯಾಕೆ, ಯಾರಿಗೆ ಅಂತ ಯಾರೂ ಕೇಳುವುದಿಲ್ಲ. ಡ್ರಿಲ್ಲಿಂಗ್ ಮೆಷಿನ್ನು, ಟೆಂಟು ಮುಂತಾದವನ್ನು ಎರವಲು ಕೊಡುವ ಅಂಗಡಿಯೂ ಇದೆ. ಇಂಥವಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ, ಊರನ್ನು ಹತ್ತಿರದಿಂದ ಬಲ್ಲವರು ಬೇಕು.

ಆ ದೇಶದಲ್ಲಿರುವ ನಮ್ಮ ಕನ್ನಡಿಗರಿಗೆ ಒಂದು ಮಾತು ಹೇಳಲೇಬೇಕು. ಕಾಮನ್‌ವೆಲ್ತ್ ದೇಶದ ಪ್ರಜೆಗಳಾದ್ದರಿಂದ, ಅಲ್ಲಿರಲು ವೀಸಾ ಇರುವ ಭಾರತೀಯರಿಗೆ ಈ ಚುನಾವಣೆಗಳಲ್ಲಿ ಮತದ ಹಕ್ಕಿದೆ. ಬ್ರಿಟಿಷ್ ಪಾಸ್‌ಪೋರ್ಟ್ ಬೇಕಿಲ್ಲ. ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ನಿಮ್ಮ ಮಗಳೋ ಅಳಿಯನೋ ಅಲ್ಲಿದ್ದರೆ, ಮುಂದಿನ ಸಲ ಫೋನ್ ಮಾಡಿದಾಗ ಕೇಳಿ: ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿದ್ದೀರಾ? ಇಂಟರ್‌ನೆಟ್‌ನಲ್ಲೇ ಕೆಲವು ನಿಮಿಷದಲ್ಲಿ ಆಗುವ ಕೆಲಸ ಅದು.