ಖಾರ ಮೊದಲು ಬರಬಾರದು: ಒಳ್ಳೆಯ ಹಾಟ್ ಸಾಸ್ ಗುರುತಿಸುವುದು ಹೇಗೆ?

[ಬಿಳಿ ಪಿಂಗಾಣಿ ತಟ್ಟೆ. ಅದರ ಮೇಲೆ ಐದು ಹನಿ ಸಾಸ್, ಸಾಲಾಗಿ.]

ನಮಸ್ಕಾರ. ಈ ತಟ್ಟೆಯಲ್ಲಿ ಐದು ಬಗೆಯ ಹಾಟ್ ಸಾಸ್ ಇದೆ. ನಾಲ್ಕು ನನಗೆ ತುಂಬಾ ಇಷ್ಟ. ಐದನೆಯದನ್ನು ನಿಮಗೆ ತೋರಿಸಬೇಕು ಅಂತಲೇ ತಂದಿದ್ದೇನೆ. ಆ ನಾಲ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ, ಅದೇ ಇವತ್ತಿನ ವಿಷಯ.

ಹೊಸ ಸಾಸ್ ಸಿಕ್ಕಾಗ ನಾನು ಮಾಡುವುದು ಒಂದೇ ಪರೀಕ್ಷೆ. ಚಮಚದ ತುದಿಯಲ್ಲಿ ಒಂದು ಹನಿ ತೆಗೆದುಕೊಳ್ಳಿ. ಜೊತೆಗೆ ನಂಜಿಕೊಳ್ಳಲು ಏನೂ ಬೇಡ. ನಾಲಿಗೆಗೆ ಹಚ್ಚಿ, ಮನಸ್ಸಿನಲ್ಲೇ ಎಣಿಸಿ. ಒಂದು, ಎರಡು, ಮೂರು. ಅಷ್ಟರೊಳಗೆ ಏನಾದರೂ ರುಚಿ ಸಿಕ್ಕಿತಾ? ಹುಳಿ, ಹಣ್ಣಿನ ಪರಿಮಳ, ಬೆಳ್ಳುಳ್ಳಿ, ಏನಾದರೂ? ಅದು ಸಿಕ್ಕಿ, ಆಮೇಲೆ ಖಾರ ಮೆಲ್ಲಗೆ ಏರಿದರೆ ಆ ಬಾಟಲಿ ಮನೆಯಲ್ಲಿರಲಿ. ಮೊದಲ ಎಣಿಕೆಗೇ ಬಾಯಿ ಉರಿದು, ಬೇರೇನೂ ಗೊತ್ತಾಗದೆ ಹೋದರೆ ಮುಚ್ಚಳ ಹಾಕಿಬಿಡಿ.

[ಕೆಂಪು ಮೆಣಸಿನಕಾಯಿ ಸೀಳಿದ್ದು. ಒಳಗಿನ ಬಿಳಿ ಭಾಗ ಹತ್ತಿರದಿಂದ.]

ನಾವು ಉಪ್ಪು, ಹುಳಿ, ಖಾರ ಅಂತ ಒಂದೇ ಉಸಿರಿಗೆ ಹೇಳುತ್ತೇವೆ, ಅಲ್ವಾ? ಆದರೆ ದೇಹದ ಲೆಕ್ಕದಲ್ಲಿ ಖಾರ ಒಂದು ರುಚಿಯೇ ಅಲ್ಲ. ಅದು ಉರಿ. ‘ಬಾಯಿ ಉರಿಯಿತು’ ಅನ್ನುತ್ತೇವಲ್ಲ, ಅದು ಸುಮ್ನೆ ಹೇಳುವ ಮಾತಲ್ಲ, ಇದ್ದದ್ದು ಇದ್ದ ಹಾಗೆ. ನಮ್ಮ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಅನ್ನುವ ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ‘ಸುಡುತ್ತಿದೆ’ ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ತಾಗಿದರೂ ಅದೇ ಸುದ್ದಿ ಹೋಗುತ್ತದೆ. ಸಾಸ್ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾದರೂ ಅಷ್ಟೇ. ಮೈ ಬೆವರುವುದು ಅದಕ್ಕೇ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಇದನ್ನು ಕಂಡುಹಿಡಿಯಿತು. ಇಂಥ ಕೆಲಸಕ್ಕಾಗಿ 2021ರಲ್ಲಿ ಅವರಿಗೆ ನೊಬೆಲ್ ಬಂತು. ಅಂದ ಹಾಗೆ, ಕ್ಯಾಪ್ಸೈಸಿನ್ ಇರುವುದು ಮುಖ್ಯವಾಗಿ ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಈ ಬಿಳಿ ಭಾಗದಲ್ಲಿ.

ಉರಿಗೆ ತನ್ನದೇ ರುಚಿ ಇಲ್ಲ ಅಂದಮೇಲೆ, ರುಚಿಯನ್ನು ಬೇರೆ ಕಡೆಯಿಂದ ತಂದು ಕೂಡಿಸಬೇಕು. ಒಳ್ಳೆಯ ಸಾಸ್ ಮಾಡುವವರ ಕೈಗುಣ ಕಾಣುವುದು ಅಲ್ಲೇ.

[ಮೊದಲ ಹನಿ. ತೆಳು ಕೆಂಪು, ತಟ್ಟೆಯ ಮೇಲೆ ಹರಿಯುತ್ತಿದೆ.]

ಮೊದಲನೆಯದು ಟಬಾಸ್ಕೊ. ಅಮೆರಿಕದ ಲೂಸಿಯಾನಾದ ಏವರಿ ಐಲೆಂಡ್‌ನಲ್ಲಿ 1868ರಿಂದ ಮಾಡುತ್ತಿರುವ ಸಾಸ್ ಇದು. ಇದರಲ್ಲಿ ಇರುವುದು ಮೂರೇ ಪದಾರ್ಥ: ಕೆಂಪು ಮೆಣಸಿನಕಾಯಿ, ಉಪ್ಪು, ವಿನೆಗರ್. ನಾಲ್ಕನೆಯದು ಲೇಬಲ್‌ನಲ್ಲಿ ಕಾಣದ ಪದಾರ್ಥ, ಕಾಯುವುದು. ಹಣ್ಣಾದ ಮೆಣಸಿನಕಾಯಿಯನ್ನು ಉಪ್ಪಿನ ಜೊತೆ ಅರೆದು, ಹಿಂದೆ ವಿಸ್ಕಿ ತುಂಬಿದ್ದ ಓಕ್ ಪೀಪಾಯಿಗಳಲ್ಲಿ ಮೂರು ವರ್ಷದವರೆಗೂ ಇಡುತ್ತಾರೆ. ಪೀಪಾಯಿಯ ಮುಚ್ಚಳದ ಮೇಲೆ ಉಪ್ಪಿನ ದಪ್ಪ ಪದರ. ವಿನೆಗರ್ ಸೇರುವುದು ಆಮೇಲೆ.

ಅಷ್ಟು ಕಾಲ ಒಳಗೆ ಏನು ನಡೆಯುತ್ತದೆ? ಕೆಡಿಸುವ ಸೂಕ್ಷ್ಮಜೀವಿಗಳನ್ನು ಉಪ್ಪು ತಡೆಯುತ್ತದೆ. ಉಪ್ಪು ತಡೆದುಕೊಳ್ಳುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಉಳಿದುಕೊಂಡು, ಮೆಣಸಿನಕಾಯಿಯ ಸಕ್ಕರೆ ತಿಂದು ಹುಳಿ ಬಿಡುತ್ತವೆ. ಮೊಸರಲ್ಲಿ ಇರುವುದೂ ಇದೇ ಹುಳಿ. ವಿನೆಗರ್‌ನ ಹುಳಿ ಚುರುಕ್ ಅಂತ ಚುಚ್ಚಿ ಹೋದರೆ, ಇದು ಮೃದುವಾಗಿ ಬಾಯಿ ತುಂಬಾ ಹರಡಿ ನಿಲ್ಲುತ್ತದೆ. ಹಸಿ ಮೆಣಸಿನ ಘಾಟು ಇಳಿದು, ಆಳವಾದ ಒಂದು ವಾಸನೆ ಬರುತ್ತದೆ. ಹೀಗೆ ಹುಳಿ ಬರಿಸಿದ ಸಾಸ್‌ಗೂ ಹಾಗೇ ರುಬ್ಬಿ ವಿನೆಗರ್ ಸುರಿದ ಸಾಸ್‌ಗೂ ಇರುವ ವ್ಯತ್ಯಾಸ ಕಣ್ಣು ಮುಚ್ಚಿಕೊಂಡು ತಿಂದರೂ ತಿಳಿಯುತ್ತದೆ.

[ಎರಡನೆಯ ಹನಿ. ಗಟ್ಟಿ, ಹೊಳೆಯುವ ಕೆಂಪು.]

ಇದು ಶ್ರೀರಾಚಾ. ಥಾಯ್ಲೆಂಡಿನ ಕಡಲ ತೀರದಲ್ಲಿ ಶ್ರೀರಾಚಾ ಅನ್ನುವ ಊರಿದೆ. ಹೆಸರು ಕೇಳಿದರೆ ಪರಿಚಯದ್ದು ಅನಿಸುತ್ತದೆ, ಅಲ್ವಾ? ‘ಶ್ರೀ’ ಮತ್ತು ‘ರಾಜ’ ಅನ್ನುವ ಮಾತುಗಳಿಂದಲೇ ಬಂದಿದ್ದು. ಅಲ್ಲಿನ ಸಾಸ್ ಸ್ವಲ್ಪ ತೆಳು, ಸಿಹಿ ಜಾಸ್ತಿ. ಈಗ ಜಗತ್ತಿಗೆಲ್ಲ ಗೊತ್ತಿರುವ ಹುಂಜದ ಚಿತ್ರದ ಬಾಟಲಿ ಬೇರೆ. ವಿಯೆಟ್ನಾಂ ಬಿಟ್ಟು ನಿರಾಶ್ರಿತರಾಗಿ ಹೊರಟ ಡೇವಿಡ್ ಟ್ರ್ಯಾನ್ 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಂಪನಿ ಶುರು ಮಾಡಿದರು. ಅವರು ಹುಟ್ಟಿದ್ದು ಚೀನೀ ಪಂಚಾಂಗದ ಹುಂಜದ ವರ್ಷದಲ್ಲಿ, ಅದಕ್ಕೇ ಆ ಚಿತ್ರ. ಇದರಲ್ಲಿ ಹಣ್ಣಾಗಿ ಕೆಂಪಾದ ಹಲಪೆನ್ಯೊ ಮೆಣಸಿನಕಾಯಿ, ಬೆಳ್ಳುಳ್ಳಿ, ಸಕ್ಕರೆ. ಮೊದಲು ಬೆಳ್ಳುಳ್ಳಿ, ಹಿಂದೆಯೇ ಸಿಹಿ, ಕೊನೆಗೆ ಖಾರ. ಗಟ್ಟಿ ಇರುವುದರಿಂದ ಹಾಕಿದ ಜಾಗದಲ್ಲೇ ನಿಲ್ಲುತ್ತದೆ. ಇದೂ ಒಂದು ಗುಣವೇ: ಒಂದು ತುತ್ತಿಗೆ ಖಾರ ಸಿಗುತ್ತದೆ, ಮುಂದಿನ ತುತ್ತಿಗೆ ಸಿಗುವುದಿಲ್ಲ, ನಾಲಿಗೆಗೆ ಬಿಡುವು ಸಿಗುತ್ತದೆ.

[ಮೂರನೆಯ ಹನಿ. ಕಿತ್ತಳೆ ಬಣ್ಣ, ಸಣ್ಣ ಸಣ್ಣ ತರಿ.]

ನನಗೆ ಎಲ್ಲಕ್ಕಿಂತ ಇಷ್ಟ ಇದು. ಬೆಲೀಜ್ ದೇಶದ ಮೇರಿ ಶಾರ್ಪ್ಸ್. ಹಬನೇರೊ ಮೆಣಸಿನಕಾಯಿಗೆ ಕ್ಯಾರೆಟ್, ಈರುಳ್ಳಿ ಸೇರಿಸಿ ಮಾಡಿದ್ದು. ಹಬನೇರೊ ಅಂದರೆ ಸಾಮಾನ್ಯ ಖಾರವಲ್ಲ. ಖಾರ ಅಳೆಯುವ ಸ್ಕೊವಿಲ್ ಲೆಕ್ಕದಲ್ಲಿ ಸುಮಾರು 1 ಲಕ್ಷದಿಂದ 3.5 ಲಕ್ಷ. ಟಬಾಸ್ಕೊ ಸಾಸ್ 2,500ರಿಂದ 5,000. ಆದರೆ ಆ ಉರಿಯ ಕೆಳಗೆ ಹಬನೇರೊಗೆ ಏಪ್ರಿಕಾಟ್ ಹಣ್ಣಿನಂಥ ಪರಿಮಳವಿದೆ. ಉರಿ ಜಾಸ್ತಿಯಾದರೆ ಆ ಪರಿಮಳ ನಮಗೆ ಸಿಗುವುದೇ ಇಲ್ಲ. ಕ್ಯಾರೆಟ್ ಇಲ್ಲಿ ಮಾಡುವ ಕೆಲಸ ಅದೇ. ಉರಿಯನ್ನು ತಗ್ಗಿಸಿ, ತನ್ನ ಸಿಹಿ ಕೊಟ್ಟು, ಪರಿಮಳಕ್ಕೆ ದಾರಿ ಬಿಡುತ್ತದೆ. ಇಷ್ಟು ಖಾರದ ಮೆಣಸಿನಕಾಯಿಯನ್ನು ಇಷ್ಟು ಅಕ್ಕರೆಯಿಂದ ಪಳಗಿಸಿದ ಸಾಸ್ ನಾನು ಬೇರೆ ತಿಂದಿಲ್ಲ.

ನಾಲ್ಕನೆಯ ಹಳದಿ ಹನಿ ಬಾರ್ಬಡೋಸ್ ಶೈಲಿಯದು. ಸ್ಕಾಚ್ ಬಾನೆಟ್ ಮೆಣಸಿನಕಾಯಿ, ಸಾಸಿವೆ, ಅರಿಶಿನ. ಇದರಲ್ಲಿ ಎರಡು ಖಾರಗಳಿವೆ. ಸಾಸಿವೆಯದು ಆವಿಯಾಗಿ ಮೂಗಿಗೆ ಹತ್ತಿ, ಕ್ಷಣದಲ್ಲಿ ಇಳಿಯುತ್ತದೆ. ಅದು ಇಳಿಯುವ ಹೊತ್ತಿಗೆ ಮೆಣಸಿನಕಾಯಿಯದು ನಾಲಿಗೆಯ ಮೇಲೆ ಏಳುತ್ತದೆ. ಒಂದು ಹೋಗಿ ಇನ್ನೊಂದು ಬರುವ ಆ ನಡುವಿನ ಜಾಗವೇ ಈ ಸಾಸ್‌ನ ಸೊಗಸು.

[ಐದನೆಯ ಹನಿ. ಕಡು ಕಂದು.]

ಈಗ ಐದನೆಯದು. ಲೇಬಲ್‌ನಲ್ಲಿ ‘ಎಕ್ಸ್‌ಟ್ರಾಕ್ಟ್’ ಅಂತ ಬರೆದಿದೆ. ಮೆಣಸಿನಕಾಯಿಯಿಂದ ಉರಿಯನ್ನಷ್ಟೇ ಹಿಂಡಿ ತೆಗೆದು ಸೇರಿಸಿದ್ದಾರೆ. ಬಾಟಲಿಯ ಮೇಲೆ ದೊಡ್ಡ ಸ್ಕೊವಿಲ್ ಸಂಖ್ಯೆ. ವಿಲ್ಬರ್ ಸ್ಕೊವಿಲ್ 1912ರಲ್ಲಿ ಮಾಡಿದ ಅಳತೆ ಸರಳವಾಗಿತ್ತು. ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳು ಮಾಡುತ್ತಾ ಹೋಗುವುದು, ಸವಿಯುವವರಿಗೆ ಖಾರ ಗೊತ್ತಾಗದಷ್ಟಾದಾಗ ನಿಲ್ಲಿಸುವುದು. ಎಷ್ಟು ಪಟ್ಟು ತೆಳುವಾಯಿತೋ ಅದೇ ಸಂಖ್ಯೆ. ಈಗ ಯಂತ್ರದಲ್ಲಿ ಅಳೆಯುತ್ತಾರೆ. 2023ರಲ್ಲಿ ಗಿನ್ನೆಸ್ ದಾಖಲೆ ಸೇರಿದ ಪೆಪ್ಪರ್ ಎಕ್ಸ್ ಮೆಣಸಿನಕಾಯಿ 26,93,000. ಶುದ್ಧ ಕ್ಯಾಪ್ಸೈಸಿನ್ 1.6 ಕೋಟಿ. ಆದರೆ ಈ ಸಂಖ್ಯೆ ರುಚಿಯ ಬಗ್ಗೆ ಒಂದು ಮಾತನ್ನೂ ಹೇಳುವುದಿಲ್ಲ. ಈ ಹನಿ ನಾಲಿಗೆಗೆ ತಾಗಿದ ಕೂಡಲೇ ಉರಿ, ಅದರ ಜೊತೆ ಕಹಿ. ಅಷ್ಟೇ. ಇದನ್ನು ಪಂದ್ಯ ಕಟ್ಟಿ ತಿನ್ನಬಹುದು, ಊಟಕ್ಕೆ ಹಾಕಿಕೊಳ್ಳಲು ಆಗುವುದಿಲ್ಲ. ಹಾಗೇನಾದರೂ ಬಾಯಿಗೆ ಬಿದ್ದರೆ ನೀರು ಕುಡಿಯಬೇಡಿ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ತಣ್ಣನೆಯ ಹಾಲು ಬಾಯಲ್ಲಿ ತುಂಬಿಕೊಳ್ಳಿ, ಹಾಲಿನ ಕೇಸೀನ್ ಅನ್ನುವ ಪ್ರೋಟೀನ್ ಅದನ್ನು ಹಿಡಿದು ತೊಳೆಯುತ್ತದೆ.

ಇನ್ನೊಂದು ಮಾತು. ಅಡುಗೆ ಒಲೆಯ ಮೇಲಿರುವಾಗ ಸಾಸ್ ಹಾಕಬೇಡಿ. ಕುದಿದರೆ ಪರಿಮಳ ಹಾರಿಹೋಗುತ್ತದೆ, ಉರಿ ಮಾತ್ರ ಉಳಿಯುತ್ತದೆ. ಇಳಿಸಿದ ಮೇಲೆ, ತಟ್ಟೆಗೆ ಬಡಿಸಿದ ಮೇಲೆ ಹಾಕಿ.

ಒಂದೇ ಬಾಟಲಿ ಕೊಳ್ಳುವುದಾದರೆ ಯಾವುದು? ಕಿತ್ತಳೆ ಬಣ್ಣದ್ದು. ಮೊಟ್ಟೆ ಬೇಯಿಸಿ, ಎರಡು ಹೋಳು ಮಾಡಿ, ಹಳದಿಯ ಮೇಲೆ ಎರಡು ಹನಿ. ಉಪ್ಪು ಬೇಡ, ಸಾಸ್‌ನಲ್ಲೇ ಇದೆ.

[ಮೊಟ್ಟೆಯ ಹೋಳಿನ ಮೇಲೆ ಎರಡು ಹನಿ ಬೀಳುತ್ತದೆ. ಕೈ ಬಂದು ಎತ್ತಿಕೊಳ್ಳುತ್ತದೆ.]

ಒಂದು... ಎರಡು... ಮೂರು... ಹಾಂ, ಈಗ ಬಂತು.