ಸ್ಟೂ ಅಂಗರ್‌ ಮತ್ತು ಹತ್ತು ಸಾವಿರ ಡಾಲರಿನ ಕುರ್ಚಿ

ಕೇಳುಗರೇ, ನಮಸ್ಕಾರ.

ಮದುವೆ ಛತ್ರದಲ್ಲಿ ಊಟ ಮುಗಿದ ಮೇಲೆ, ಒಂದು ಮೂಲೆಯಲ್ಲಿ ಜಮಖಾನ ಹಾಸಿಕೊಂಡು ಇಸ್ಪೀಟು ಕಲಸುವವರನ್ನು ನೀವು ನೋಡಿಯೇ ಇರುತ್ತೀರಿ. ಅಲ್ಲೊಬ್ಬ ಇರುತ್ತಾನೆ. ನೀವು ಮೂರು ಎಲೆ ಬಿಡುವಷ್ಟರಲ್ಲಿ ನಿಮ್ಮ ಕೈಯಲ್ಲಿ ಏನಿದೆ ಅಂತ ಅವನಿಗೆ ಗೊತ್ತಾಗಿಬಿಟ್ಟಿರುತ್ತದೆ. ಅವನ ಎದುರು ರಮ್ಮಿಗೆ ಕೂರಲು ಯಾರಿಗೂ ಮನಸ್ಸು ಬರುವುದಿಲ್ಲ. ಇವತ್ತು ನಾನು ಹೇಳುವ ಕತೆಯೂ ಹೀಗೇ ಶುರುವಾಗುತ್ತದೆ. ಊರು ಮಾತ್ರ ನ್ಯೂಯಾರ್ಕ್.

ಸ್ಟೂ ಅಂಗರ್ ಹುಟ್ಟಿದ್ದು 1953ರಲ್ಲಿ. ಅಪ್ಪ ಬಾರ್ ನಡೆಸುತ್ತಿದ್ದ, ಒಳಗೆ ಜೂಜೂ ನಡೆಯುತ್ತಿತ್ತು. ಹುಡುಗನಿಗೆ ಅದೇ ಪಾಠಶಾಲೆ. ಅಪ್ಪ ತೀರಿಕೊಂಡ ಮೇಲೆ ನಿಜವಾದ ಶಾಲೆಯನ್ನು ಬಿಟ್ಟ. ಅವನ ಆಟ ಜಿನ್ ರಮ್ಮಿ. ನಮ್ಮ ರಮ್ಮಿಯಲ್ಲಿ ಕೈಗೆ 13 ಎಲೆ, ಅದರಲ್ಲಿ 10. ಇಬ್ಬರೇ ಎದುರುಬದುರು ಕೂತು ಆಡುತ್ತಾರೆ. ಅದರಲ್ಲಿ ಅವನು ಎಷ್ಟು ಪಳಗಿದನೆಂದರೆ ಹೆಸರಾಂತ ಆಟಗಾರರೂ ಸೋತು ದೂರ ಸರಿದರು. ಎದುರಾಳಿಯೇ ಇಲ್ಲದ ಮೇಲೆ ಸಂಪಾದನೆ ಎಲ್ಲಿಂದ? ಲಾಸ್ ವೇಗಸ್‌ಗೆ ಹೋದ. ಪೋಕರ್ ಹಿಡಿದದ್ದು ಹೀಗೆ, ಒಂಥರಾ ಬೇರೆ ದಾರಿಯಿಲ್ಲದೆ. ಪೋಕರ್‌ನಲ್ಲಿ ಮುಂದೆಂದಾದರೂ ತನ್ನನ್ನು ಮೀರಿಸುವವರು ಬಂದರೂ ಬರಬಹುದು, ಜಿನ್‌ನಲ್ಲಿ ಮಾತ್ರ ಅದು ಆಗದ ಮಾತು ಎಂದು ಹೇಳಿಕೊಂಡಿದ್ದ.

ಪೋಕರ್ ಟೂರ್ನಮೆಂಟ್ ಹೇಗೆ ನಡೆಯುತ್ತದೆ ಅಂತ ಒಂದೆರಡು ಮಾತು ಹೇಳಿಬಿಡುತ್ತೇನೆ. ವೇಗಸ್‌ನಲ್ಲಿ 1970ರಿಂದ ವರ್ಲ್ಡ್ ಸೀರೀಸ್ ಆಫ್ ಪೋಕರ್ ನಡೆಯುತ್ತಿದೆ. ಅದರ ಮುಖ್ಯ ಆಟಕ್ಕೆ ಕೂರಬೇಕಾದರೆ 10,000 ಡಾಲರ್ ಕಟ್ಟಬೇಕು. ಕಟ್ಟಿದವರಿಗೆಲ್ಲ ಒಂದೇ ಲೆಕ್ಕದಲ್ಲಿ ಬಿಲ್ಲೆಗಳನ್ನು ಕೊಡುತ್ತಾರೆ. ಚಿಪ್ಸ್ ಅನ್ನುತ್ತಾರಲ್ಲ, ಅವು. ಆ ಬಿಲ್ಲೆ ದುಡ್ಡಲ್ಲ. ಮಧ್ಯದಲ್ಲಿ ಎದ್ದುಹೋಗಿ ಕ್ಯಾಷ್ ಮಾಡಿಸುತ್ತೇನೆ ಅಂದರೆ ಆಗುವುದಿಲ್ಲ. ಬಿಲ್ಲೆ ಮುಗಿದರೆ ಮನೆಗೆ. ಕೊನೆಯವರೆಗೆ ಉಳಿದ ಕೆಲವರಿಗಷ್ಟೇ ಬಹುಮಾನ. ಆಟ ಎಳೆಯಬಾರದೆಂದು, ಎಲೆ ನೋಡುವ ಮೊದಲೇ ಸರದಿಯ ಪ್ರಕಾರ ಇಷ್ಟು ಬಿಲ್ಲೆ ನಡುವೆ ಹಾಕಬೇಕೆಂಬ ನಿಯಮವಿದೆ. ಹೊತ್ತು ಕಳೆದಂತೆ ಆ ಮೊತ್ತ ಏರುತ್ತಾ ಹೋಗುತ್ತದೆ. ಸುಮ್ನೆ ಕೂತರೂ ಕರಗುತ್ತೀರಿ.

1980ರಲ್ಲಿ ಅಂಗರ್ ಈ ಆಟಕ್ಕೆ ಕೂತಾಗ 73 ಜನ ಇದ್ದರು. ಸಣಕಲು ಮೈ, ಹುಡುಗನ ಮುಖ. ಎಲ್ಲರೂ ಅವನನ್ನು ‘ಕಿಡ್’ ಅಂತಲೇ ಕರೆಯುತ್ತಿದ್ದರು. ಕೊನೆಗೆ ಎದುರಿಗೆ ಉಳಿದದ್ದು ಡಾಯ್ಲ್ ಬ್ರನ್ಸನ್, ಆಗಲೇ ಎರಡು ಸಲ ಗೆದ್ದಿದ್ದ ದೊಡ್ಡ ಆಟಗಾರ. ಅಂಗರ್‌ನ ಕೈಯಲ್ಲಿ ಐದು ಮತ್ತು ನಾಲ್ಕು. ಮೇಜಿನ ಮೇಲೆ, ಇಬ್ಬರೂ ತಮ್ಮ ಕೈಗೆ ಸೇರಿಸಿಕೊಳ್ಳಬಹುದಾದ ಎಲೆಗಳಾಗಿ, ಎಕ್ಕ, ಏಳು, ಎರಡು ಬಿದ್ದವು. ಆಮೇಲೆ ಮೂರು ಬಂತು. ಎಕ್ಕ, ಎರಡು, ಮೂರು, ನಾಲ್ಕು, ಐದು. ರಮ್ಮಿ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಪೋಕರ್‌ನಲ್ಲಿ ಎಲ್ಲವೂ ಒಂದೇ ಗುರುತಿನ ಎಲೆಗಳಾಗಬೇಕಿಲ್ಲ, ಅಷ್ಟೇ ವ್ಯತ್ಯಾಸ. 1981ರಲ್ಲೂ ಅವನೇ ಗೆದ್ದ.

ಬಂದ ದುಡ್ಡು? ಕುದುರೆ ಬಾಜಿಗೆ, ಆಟಗಳ ಬೆಟ್ಟಿಂಗ್‌ಗೆ, ಕೊಕೇನ್‌ಗೆ. ಅವನಿಗೆ ನಿಜವಾದ ದುಡ್ಡೂ ಬಿಲ್ಲೆಯ ಹಾಗೇ ಕಾಣುತ್ತಿತ್ತು ಅಂತ ನನ್ನ ಅನಿಸಿಕೆ. ಮೇಜಿನ ಮೇಲೆ ಇದೇ ಅವನ ಬಲ. ಈ ಗುಡ್ಡೆಯಲ್ಲಿ ಒಂದು ಮನೆ ಬರುತ್ತದಲ್ಲಾ ಅಂತ ಲೆಕ್ಕ ಹಾಕುವವನ ಕೈ ನಡುಗುತ್ತದೆ. ಇವನದು ನಡುಗುತ್ತಿರಲಿಲ್ಲ. ಆದರೆ ಮೇಜಿನಲ್ಲಿ ಬಿಲ್ಲೆ ಮುಗಿದರೆ ಏಳಿಸಿ ಕಳಿಸುತ್ತಾರೆ. ಹೊರಗೆ ಹಾಗೆ ಏಳಿಸುವವರಿಲ್ಲ, ಸಾಲ ಕೊಡುವವರಿದ್ದಾರೆ.

1990ರಲ್ಲಿ ಅವನ 10,000 ಡಾಲರ್ ಕಟ್ಟಿದ್ದು ಬಿಲ್ಲಿ ಬ್ಯಾಕ್ಸ್‌ಟರ್, ಅವನೂ ಆಟಗಾರನೇ. ಈ ಕಸುಬಿನಲ್ಲಿ ಇದು ಮಾಮೂಲು. ಒಬ್ಬ ದುಡ್ಡು ಹಾಕುತ್ತಾನೆ, ಇನ್ನೊಬ್ಬ ಆಡುತ್ತಾನೆ, ಗೆದ್ದರೆ ಪಾಲು. ಹಾಗಾಗಿ ಪೋಕರ್ ಆಟಗಾರ ಇಷ್ಟು ಲಕ್ಷ ಗೆದ್ದ ಅಂತ ಓದಿದಾಗ, ಅದೆಲ್ಲ ಅವನ ಜೇಬಿಗೇ ಹೋಯಿತು ಅಂದುಕೊಳ್ಳಬೇಡಿ. ಆ ವರ್ಷ ಎರಡು ದಿನ ಅಂಗರ್ ಬಿಲ್ಲೆಗಳ ರಾಶಿಯನ್ನೇ ಹಾಕಿದ. ಮೂರನೆಯ ದಿನ ಕುರ್ಚಿ ಖಾಲಿ. ಹೋಟೆಲ್ ಕೋಣೆಯಲ್ಲಿ ನೆಲದ ಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದ, ಡ್ರಗ್ಸ್ ಜಾಸ್ತಿಯಾಗಿತ್ತು. ಆಟ ನಿಲ್ಲಲಿಲ್ಲ. ಖಾಲಿ ಕುರ್ಚಿಯ ಮುಂದೆ ಎಲೆ ಹಂಚುತ್ತಿದ್ದರು, ವಾಪಸ್ ಎತ್ತುತ್ತಿದ್ದರು, ಸರದಿ ಬಂದಾಗ ಅವನ ರಾಶಿಯಿಂದ ಬಿಲ್ಲೆ ತೆಗೆಯುತ್ತಿದ್ದರು. ಆ ರಾಶಿ ಎಷ್ಟು ದೊಡ್ಡದಿತ್ತೆಂದರೆ, ಆಡುವವನಿಲ್ಲದೆಯೂ ಅದು ಒಂಬತ್ತನೆಯ ಸ್ಥಾನಕ್ಕೆ ಬಂತು. ಬಹುಮಾನವೂ ಬಂತು.

ಏಳು ವರ್ಷ ಕಳೆಯಿತು. 1997ರಲ್ಲಿ ಸಾಲದಲ್ಲಿ ಮುಳುಗಿದ್ದ ಅವನಿಗೆ ಮತ್ತೆ ಬ್ಯಾಕ್ಸ್‌ಟರನೇ ಹಣ ಕಟ್ಟಿದ, ಅದೂ ಆಟ ಶುರುವಾಗುವ ಹೊತ್ತಿಗೆ. ಹಿಂದಿನ ರಾತ್ರಿಯೆಲ್ಲ ದುಡ್ಡು ಹೊಂದಿಸಲು ಅಲೆದಿದ್ದ ಅಂಗರ್ ಮೊದಲ ದಿನ ಮೇಜಿನಲ್ಲೇ ತೂಕಡಿಸಿದ. ಕೊಕೇನ್‌ನಿಂದ ಕುಸಿದ ಮೂಗನ್ನು ಮರೆಸಲು ದುಂಡನೆಯ ನೀಲಿ ಕನ್ನಡಕ ಹಾಕಿಕೊಂಡಿದ್ದ. ಜೊತೆಗೆ ಮಗಳ ಫೋಟೋ ಇಟ್ಟುಕೊಂಡಿದ್ದ, ಆಗಾಗ ಅವಳಿಗೆ ಫೋನ್ ಮಾಡಿ ಆಟದ ಸುದ್ದಿ ಹೇಳುತ್ತಿದ್ದ. ಕೊನೆಯ ಸುತ್ತು ಫ್ರೀಮಾಂಟ್ ಬೀದಿಯಲ್ಲಿ, ಬಯಲಿನಲ್ಲಿ ನಡೆಯಿತು. 312 ಜನರಲ್ಲಿ ಉಳಿದವರು ಇಬ್ಬರು. ಇಬ್ಬರ ಕೈಯಲ್ಲೂ ಒಂದೊಂದು ಎಕ್ಕ. ಎದುರಾಳಿ ಜಾನ್ ಸ್ಟ್ರೆಂಪ್ ಬಳಿ ಜೊತೆಗೆ ಎಂಟು, ಅಂಗರ್ ಬಳಿ ನಾಲ್ಕು. ಕೆಳಗೆ ಎಕ್ಕ, ಐದು, ಮೂರು, ಮತ್ತೊಂದು ಮೂರು. ಇಲ್ಲಿಯವರೆಗೆ ಸ್ಟ್ರೆಂಪ್‌ನದೇ ಮೇಲುಗೈ. ಕೊನೆಯ ಎಲೆ ಎರಡು. ಹದಿನೇಳು ವರ್ಷಗಳ ಹಿಂದಿನ ಅದೇ ಎಕ್ಕ, ಎರಡು, ಮೂರು, ನಾಲ್ಕು, ಐದು. ಜಾಣತನ ಅಷ್ಟು ದೂರ ತಂದಿತ್ತು ನಿಜ, ಆ ಎರಡು ಮಾತ್ರ ಶುದ್ಧ ಅದೃಷ್ಟ.

ಹತ್ತು ಲಕ್ಷ ಡಾಲರ್. ಅರ್ಧ ಬ್ಯಾಕ್ಸ್‌ಟರ್‌ಗೆ, ಅರ್ಧ ಅವನಿಗೆ. ಕೆಲವೇ ತಿಂಗಳಲ್ಲಿ ಅವನ ಅರ್ಧ ಕರಗಿತು. 1998ರಲ್ಲೂ ಬ್ಯಾಕ್ಸ್‌ಟರ್ ಹಣ ಕಟ್ಟಲು ತಯಾರಿದ್ದ. ಆಟ ಶುರುವಾಗಲು ಇನ್ನೇನು ಕೆಲವೇ ನಿಮಿಷ ಇರುವಾಗ ಅಂಗರ್, ಸುಸ್ತಾಗಿದೆ, ಆಡುವುದಿಲ್ಲ ಅಂದ.

ಅದೇ ವರ್ಷ ನವೆಂಬರ್ 22ರಂದು ವೇಗಸ್‌ನ ಒಂದು ಅಗ್ಗದ ಮೋಟೆಲ್ ಕೋಣೆಯಲ್ಲಿ ಅವನ ಹೆಣ ಸಿಕ್ಕಿತು. ವಯಸ್ಸು 45. ಬಳಿಯಿದ್ದದ್ದು ಸುಮಾರು 800 ಡಾಲರ್. ಅಂತ್ಯಕ್ರಿಯೆಗೆ ಗೆಳೆಯರು ಹಣ ಕೂಡಿಸಿದರು.