ಜಾರುವ ಕನ್ನಡಕ ಬಹಳ ಸಲ ಬಿಗಿಯಾಗಿರುತ್ತೆ

ನಮ್ಮ ಮೆಟ್ರೋದ ಒಂದು ಬೋಗಿಯಲ್ಲಿ ಸುಮ್ಮನೆ ಕೂತು ನೋಡಿ. ಮಾತಿನ ಮಧ್ಯೆ, ಫೋನ್ ಮಧ್ಯೆ, ತೋರುಬೆರಳಿನಿಂದ ಕನ್ನಡಕವನ್ನ ಮೇಲಕ್ಕೆ ತಳ್ಳೋ ಗಂಡಸರು ಎಷ್ಟು ಜನ ಬೇಕು ನಿಮಗೆ? ಅಂಗಡಿಗೆ ಹೋಗಿ ‘ಜಾರುತ್ತೆ’ ಅಂದರೆ ಕಡ್ಡಿಯ ತುದಿಯನ್ನ ಒಳಕ್ಕೆ ಅದುಮಿ, ‘ಟೈಟ್ ಮಾಡಿದೀನಿ ಸರ್’ ಅಂತ ವಾಪಸ್ ಕೊಡ್ತಾರೆ. ಎರಡು ದಿನ ಪರವಾಗಿಲ್ಲ. ಮೂರನೇ ದಿನ ಕಿವಿ ಮೇಲೆ ನೋವು, ಅದರ ಜೊತೆಗೆ ಮತ್ತೆ ಜಾರೋದು.

ಯಾಕೆ ಗೊತ್ತಾ? ಎಷ್ಟೋ ಸಲ ಆ ಕನ್ನಡಕ ಸಡಿಲ ಇರಲೇ ಇಲ್ಲ. ಬಿಗಿ ಇತ್ತು.

ನಮ್ಮ ತಲೆ ಕಣತಲೆಯ ಹತ್ತಿರ ಕಿರಿದು, ಕಿವಿಯ ಕಡೆಗೆ ಹೋಗ್ತಾ ಅಗಲ. ಫ್ರೇಮ್ ಅಗಲ ಕಮ್ಮಿ ಇದ್ದರೆ ಕಡ್ಡಿಗಳು ಕಿವಿ ತಲುಪೋ ಮುಂಚೆಯೇ ಆ ಇಳಿಜಾರನ್ನ ಎರಡೂ ಕಡೆಯಿಂದ ಹಿಸುಕ್ತವೆ. ಲೋಳೆ ಅಂಟಿರೋ ಹಲಸಿನ ಬೀಜವನ್ನ ಎರಡು ಬೆರಳಲ್ಲಿ ಅದುಮಿದರೆ ಏನಾಗುತ್ತೆ? ಚಿಮ್ಮುತ್ತೆ. ಇಲ್ಲಿ ಬೀಜದ ಜಾಗದಲ್ಲಿ ನಿಮ್ಮ ತಲೆ ಇದೆ, ಅದು ಕದಲೋದಿಲ್ಲ, ಹಾಗಾಗಿ ಬೆರಳುಗಳೇ ಮುಂದಕ್ಕೆ ಜಾರುತ್ತವೆ. ಇನ್ನಷ್ಟು ಟೈಟ್ ಮಾಡಿದರೆ ಇನ್ನಷ್ಟು ಮುಂದಕ್ಕೆ.

ಪರೀಕ್ಷೆ ಸುಲಭ. ಕನ್ನಡಕ ಹಾಕಿಕೊಂಡು ನೆತ್ತಿಯ ಮೇಲಿಂದ ಯಾರ ಕೈಲಾದರೂ ಒಂದು ಫೋಟೋ ತೆಗೆಸಿ. ಕಡ್ಡಿ ಮಡಚೋ ಕೀಲು, ಅಂದರೆ ಹಿಂಜಿನಿಂದ ಕಿವಿಯವರೆಗೆ ಕಡ್ಡಿ ನೇರವಾಗಿ ಹೋಗಬೇಕು, ತಲೆಗೆ ಮೆತ್ತಗೆ ತಾಗೋದು ಕಿವಿಯ ಹತ್ತಿರ ಮಾತ್ರ. ಬಿಲ್ಲಿನ ಹಾಗೆ ಹೊರಕ್ಕೆ ಬಾಗಿದ್ದರೆ ಆ ಫ್ರೇಮ್ ನಿಮಗೆ ಚಿಕ್ಕದು. ಸ್ಪ್ರಿಂಗ್ ಹಿಂಜ್ ಇದ್ದರಂತೂ ಇನ್ನೂ ಎಚ್ಚರ. ಅಂಗಡಿಯಲ್ಲಿ ಹಾಕಿದಾಗ ಹಾಯಾಗಿ ಅಗಲಿಸಿಕೊಳ್ಳುತ್ತೆ, ಆಮೇಲೆ ದಿನವಿಡೀ ಅದೇ ಸ್ಪ್ರಿಂಗ್ ನಿಮ್ಮ ತಲೆಯನ್ನ ಒತ್ತುತ್ತಾ ಇರುತ್ತೆ.

ಈಗ ಕಡ್ಡಿಯ ಒಳಗಡೆ ನೋಡಿ. 52, ಒಂದು ಪುಟ್ಟ ಚೌಕ, 18, ಆಮೇಲೆ 140 ಅಂತ ಇರುತ್ತೆ. ಎಲ್ಲ ಮಿಲಿಮೀಟರ್ ಲೆಕ್ಕ. 52 ಅಂದರೆ ಒಂದು ಗಾಜಿನ ಅಗಲ, 18 ಅಂದರೆ ಎರಡು ಗಾಜಿನ ನಡುವಿನ ಅಂತರ (ಅದಕ್ಕೇ ಬ್ರಿಡ್ಜ್ ಅನ್ನೋದು), 140 ಅಂದರೆ ಕಡ್ಡಿಯ ಪೂರ್ತಿ ಉದ್ದ. ಇದರಲ್ಲಿ ಇಲ್ಲದೇ ಇರೋದು ಫ್ರೇಮ್‌ನ ಒಟ್ಟು ಅಗಲ, ನಿಮಗೆ ಮೊದಲು ಬೇಕಾಗಿರೋದೇ ಅದು. ಎರಡು ಫ್ರೇಮ್ ಮೇಲೆ 52–18 ಅಂತಲೇ ಇದ್ದರೂ ಹಿಂಜಿನ ಹತ್ತಿರದ ಮೂಲೆ ಒಂದರಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ ಇರಬಹುದು. ಒಟ್ಟು ಅಗಲದಲ್ಲಿ ಆರೇಳು ಮಿ.ಮೀ. ವ್ಯತ್ಯಾಸ ಬಂದುಬಿಡುತ್ತೆ. ಅದಕ್ಕೇ ಆನ್‌ಲೈನ್‌ನ ‘ಮೀಡಿಯಂ’, ‘ಲಾರ್ಜ್’ ನಂಬಬೇಡಿ. ನಿಮಗೆ ಸರಿಯಾಗಿ ಕೂರೋ ಹಳೇ ಕನ್ನಡಕ ಇದ್ದರೆ ಮಕ್ಕಳ ಜಾಮಿಟ್ರಿ ಬಾಕ್ಸ್‌ನ ಸ್ಕೇಲ್ ಹಿಡಿದು ಒಂದು ಹಿಂಜಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಅಳೆದು ಬರೆದಿಟ್ಟುಕೊಳ್ಳಿ. ಹಾಗೆ ಅಳೆದ ಅಂಕಿ ಇಲ್ಲದೆ ಆನ್‌ಲೈನ್‌ನಲ್ಲಿ ಫ್ರೇಮ್ ತಗೊಳ್ಳೋದು ಲಾಟರಿ.

ದುಂಡು ಮುಖಕ್ಕೆ ಚೌಕ, ಚೌಕ ಮುಖಕ್ಕೆ ದುಂಡು ಅನ್ನೋ ಚಾರ್ಟ್ ಇದೆಯಲ್ಲ, ಅದು ಫೋಟೋಗೆ ಸರಿ. ಅದರಲ್ಲಿ ಮೂಗಿನ ಸುದ್ದಿಯೇ ಇಲ್ಲ ಸ್ವಾಮಿ, ಭಾರ ಹೊರೋದು ಮೂಗು!

ಪ್ಲಾಸ್ಟಿಕ್ ಫ್ರೇಮ್‌ನಲ್ಲಿ ಮೂಗಿನ ಭಾಗ ಅಚ್ಚಿನಲ್ಲೇ ಆಗಿರುತ್ತೆ, ಅದನ್ನ ಆಮೇಲೆ ಸರಿಮಾಡೋದು ಕಷ್ಟ. ಎರಡು ಪಕ್ಕವೂ ಚರ್ಮಕ್ಕೆ ಪೂರ್ತಿ ಕೂರಬೇಕು. ಮೇಲೊಂದು ಕಡೆ ಮಾತ್ರ ತಾಗಿದರೆ ಕೆಂಪು ಗೆರೆ ಗ್ಯಾರಂಟಿ. ಮೂಗಿನ ದಂಡೆ ತಗ್ಗಾಗಿರೋರಿಗೆ ಲೋಹದ ಫ್ರೇಮ್ ವಾಸಿ, ಪ್ಯಾಡ್ ಹಿಡಿದಿರೋ ತಂತಿಯನ್ನ ಇಕ್ಕಳದಲ್ಲಿ ಬಗ್ಗಿಸಿ ಅಗಲ, ಎತ್ತರ, ಓರೆ ಮೂರನ್ನೂ ಸರಿಮಾಡಬಹುದು. ಹಾಕಿಕೊಂಡು ಒಂದು ಸಲ ಜೋರಾಗಿ ನಕ್ಕುಬಿಡಿ. ಕೆನ್ನೆ ಫ್ರೇಮನ್ನ ಮೇಲೆತ್ತಿದರೆ ಅದು ಕೆಳಗೆ ಕೂತಿದೆ, ಇಲ್ಲವೇ ಗಾಜಿನ ಎತ್ತರ ಜಾಸ್ತಿ. ರೆಪ್ಪೆ ಗಾಜಿಗೆ ತಾಗಿದರೆ ತೀರಾ ಹತ್ತಿರ.

ಪ್ಯಾಡ್ ಸುತ್ತ ಹಸಿರು ಕಿಲುಬು ಕಟ್ಟಿದರೆ, ಅದು ಲೋಹದಲ್ಲಿರೋ ತಾಮ್ರದ ಜೊತೆ ನಿಮ್ಮ ಬೆವರು ಸೇರಿ ಆಗಿರೋದು. ಸಿಲಿಕೋನ್ ಪ್ಯಾಡ್ ಹಳದಿಯಾಗಿ ಗಟ್ಟಿಯಾದ ಮೇಲೆ ಹಿಡಿತ ಹೋಗುತ್ತೆ, ಬದಲಾಯಿಸಿ. ದೊಡ್ಡ ಖರ್ಚೇನಲ್ಲ.

ಮೈನಸ್ ಪವರ್ ಇರೋರು ಇದನ್ನ ಗಮನ ಕೊಟ್ಟು ಕೇಳಿ. ಅಂಗಡಿಯಲ್ಲಿ ಹಾಕಿ ನೋಡೋ ಫ್ರೇಮ್‌ನಲ್ಲಿ ತೆಳ್ಳಗಿನ ಡಮ್ಮಿ ಗಾಜು ಇರುತ್ತೆ, ಗರಿಯಂತೆ ಹಗುರ. ನಿಮ್ಮ ಪವರ್ ಬಿದ್ದ ಮೇಲೆ ಕತೆಯೇ ಬೇರೆ. ಎರಡು ಪಾಪೆಯ ನಡುವಿನ ಅಂತರಕ್ಕೆ ಪಿ.ಡಿ. ಅಂತಾರೆ; ಗಂಡಸರಲ್ಲಿ ಸಾಮಾನ್ಯವಾಗಿ 64ರ ಆಸುಪಾಸು. ಕಣ್ಣಿನ ಚೀಟಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. 54–20ರ ಫ್ರೇಮ್ ತಗೊಂಡರೆ 54 ಮತ್ತು 20 ಸೇರಿ 74. ಅದರಲ್ಲಿ 64 ಕಳೆದರೆ 10. ಅಂದರೆ ಪಾಪೆಯ ಎದುರಿಗೆ ಬರೋಕೆ ಪ್ರತಿ ಗಾಜಿನ ಕೇಂದ್ರವನ್ನ 5 ಮಿ.ಮೀ. ಮೂಗಿನ ಕಡೆ ತಳ್ಳಬೇಕು. ಮೈನಸ್ ಗಾಜು ಕೇಂದ್ರದಲ್ಲಿ ತೆಳು, ದೂರ ಹೋದಷ್ಟೂ ದಪ್ಪ, ಹಾಗಾಗಿ ಕಿವಿ ಕಡೆಯ ಅಂಚು ದಪ್ಪ ಆಗುತ್ತೆ. ಮೈನಸ್ 5 ಪವರ್‌ಗೆ ಮಾಮೂಲಿ 1.5 ಇಂಡೆಕ್ಸ್ (ಗಾಜು ಬೆಳಕನ್ನ ಎಷ್ಟು ಬಗ್ಗಿಸುತ್ತೆ ಅನ್ನೋ ಅಂಕಿ, ಹೆಚ್ಚಾದಷ್ಟೂ ಗಾಜು ತೆಳು) ಪ್ಲಾಸ್ಟಿಕ್ ಹಾಕಿದರೆ ಆ ಅಂಚು ಸುಮಾರು 7 ಮಿ.ಮೀ. ಅದೇ ಗಾಜನ್ನ 48–18ರ ಫ್ರೇಮ್‌ಗೆ ಹಾಕಿದರೆ ಸುಮಾರು 5. ದೊಡ್ಡ ಫ್ರೇಮೇ ಬೇಕು ಅಂತ ಹಟ ಹಿಡಿದು 1.67 ಇಂಡೆಕ್ಸ್ ಗಾಜಿಗೆ ಜಾಸ್ತಿ ದುಡ್ಡು ಕೊಟ್ಟರೂ ನೀವು ತಲುಪೋದು ಹೆಚ್ಚು ಕಮ್ಮಿ ಅದೇ 5ಕ್ಕೆ. ‘ಹೈ ಇಂಡೆಕ್ಸ್ ಹಾಕಿಸಿ ಸರ್’ ಅನ್ನೋದಕ್ಕೆ ಮೊದಲು ‘ಚಿಕ್ಕ ಗಾಜಿನ ಫ್ರೇಮ್ ನೋಡಿ ಸರ್’ ಅನ್ನೋ ಅಂಗಡಿ ಸಿಕ್ಕಿದರೆ ಬಿಡಬೇಡಿ.

ಮುಖ ಅಗಲ, ಗಾಜು ಮಾತ್ರ ಚಿಕ್ಕದು ಬೇಕು ಅಂದರೆ? ಬ್ರಿಡ್ಜ್ 20ರಿಂದ 22 ಇದ್ದು ಹಿಂಜಿನ ಮೂಲೆ ಅಗಲ ಇರೋ ಫ್ರೇಮ್ ಹುಡುಕಿ, ಅದೂ ನಿಮ್ಮ ಮೂಗಿಗೆ ಒಪ್ಪಿದರೆ. ಜಯನಗರ 4ನೇ ಬ್ಲಾಕ್ ಇರಲಿ, ಮಲ್ಲೇಶ್ವರದ ಸಂಪಿಗೆ ರಸ್ತೆ ಇರಲಿ, ಕಣ್ಣಿಗೆ ಬಿದ್ದ ಮೊದಲ ಅಂಗಡಿಯಲ್ಲೇ ಸಿಗದೇ ಹೋಗಬಹುದು.

ಇನ್ನು ಕಡ್ಡಿ. ಬಾಗು ಶುರುವಾಗಬೇಕಾದ್ದು ಕಿವಿ ತಲೆಗೆ ಸೇರೋ ಮೇಲ್ತುದಿಯಲ್ಲಿ. ಅದಕ್ಕಿಂತ ಹಿಂದೆ ಬಾಗಿದ್ದರೆ ಹಿಡಿತವಿಲ್ಲ, ಕನ್ನಡಕ ಜಾರಿ ಜಾರಿ ಬಾಗು ಕಿವಿಗೆ ಸಿಕ್ಕಿದಾಗ ನಿಲ್ಲುತ್ತೆ. ಮುಂದೆ ಬಾಗಿದ್ದರೆ ಕಿವಿಯ ಬುಡದಲ್ಲಿ ಕೊರೆಯುತ್ತೆ. ಬಾಗಿದ ಮೇಲೆ ಮೂರು ನಾಲ್ಕು ಸೆಂ.ಮೀ. ತುದಿ ಕಿವಿಯ ಹಿಂದಿನ ಮೂಳೆಯ ಮೇಲೆ ಒರಗಿರಬೇಕು, ಚುಚ್ಚಬಾರದು. ಉದ್ದದ ಕಡ್ಡಿಯ ಬಾಗನ್ನ ಮುಂದಕ್ಕೆ ತರಬಹುದು, ಗಿಡ್ಡ ಕಡ್ಡಿಯನ್ನ ಎಳೆದು ಉದ್ದ ಮಾಡೋಕಾಗಲ್ಲ. 140 ಮತ್ತು 145ರ ನಡುವೆ ಅನುಮಾನ ಬಂದರೆ 145 ತಗೊಳ್ಳಿ.

ಇದಕ್ಕೆ ಕಡ್ಡಿ ಬಾಗೋ ಜಾತಿಯದ್ದಾಗಿರಬೇಕು. ಅಸಿಟೇಟ್ ಅನ್ನೋ ಪ್ಲಾಸ್ಟಿಕ್ ಆದರೆ ಬಿಸಿಗಾಳಿಯಲ್ಲಿ ಮೆತ್ತಗಾಗಿ ಹೇಳಿದ ಹಾಗೆ ಕೇಳುತ್ತೆ. ಬಿಸಿ ಮಾಡದೆ ಬರಿಗೈಲಿ ಬಗ್ಗಿಸೋಕೆ ಹೊರಟವರ ಕೈಗೆ ಮಾತ್ರ ಕೊಡಬೇಡಿ, ಮುರಿಯುತ್ತೆ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೂ ಅದೇ ಅಸಿಟೇಟ್ ನಿಮ್ಮನ್ನ ಕೇಳದೆ ಸೊಟ್ಟಗಾಗುತ್ತೆ. ಟಿ.ಆರ್.90 ಅನ್ನೋ ಬಳುಕೋ ಪ್ಲಾಸ್ಟಿಕ್‌ನ ಫ್ರೇಮನ್ನ ಕೌಂಟರ್ ಮೇಲೆ ಹಗ್ಗದ ಹಾಗೆ ತಿರುಚಿ ತೋರಿಸ್ತಾರಲ್ಲ, ‘ಮುರಿಯೋದೇ ಇಲ್ಲ ಸರ್’ ಅಂತ? ಆ ಸರ್ಕಸ್ಸೇ ನನಗೆ ಅನುಮಾನ. ಹಗುರ ಹೌದು, ಆದರೆ ತಿರುಚಿದ್ದು ಮತ್ತೆ ಮೊದಲಿನ ಆಕಾರಕ್ಕೆ ಬರುತ್ತೆ ಅಂದರೆ ನಿಮ್ಮ ಕಿವಿಗೆ ಬೇಕಾದ ಆಕಾರದಲ್ಲೂ ಸುಲಭಕ್ಕೆ ನಿಲ್ಲೋದಿಲ್ಲ ಅಂತ ಅರ್ಥ. ತಗೊಳ್ಳೋದೇ ಆದರೆ ಕಡ್ಡಿಯೊಳಗೆ ಲೋಹದ ತಂತಿ ಇರೋದು ನೋಡಿ. ಟೈಟಾನಿಯಂಗೆ ದುಡ್ಡು ಜಾಸ್ತಿ, ಆದರೆ ಸ್ಟೀಲಿಗಿಂತ ಎಷ್ಟೋ ಹಗುರ. ನಿಕಲ್ ಮೈಗೆ ಆಗದೆ ತುರಿಕೆ ಬರೋರಿಗೆ ಶುದ್ಧ ಟೈಟಾನಿಯಂ ಒಳ್ಳೇ ಆಯ್ಕೆ.

ಬೈಕ್ ಓಡಿಸೋರು ಹೆಲ್ಮೆಟ್ ಜೊತೆಗೇ ಅಂಗಡಿಗೆ ಹೋಗಿ. ನಾಚಿಕೆ ಏನು ಬಂತು? ದಪ್ಪ ಪಟ್ಟಿಯ ಕಡ್ಡಿಯನ್ನ ಹೆಲ್ಮೆಟ್‌ನ ಸ್ಪಂಜು ಕಣತಲೆಗೆ ಒತ್ತಿ ಹಿಡಿದರೆ, ಸಿಲ್ಕ್ ಬೋರ್ಡ್ ದಾಟೋ ಹೊತ್ತಿಗೆ ತಲೆನೋವು ಹತ್ತಿರುತ್ತೆ. ಜನ ಅದನ್ನ ಪವರ್ ಹೆಚ್ಚಾಗಿದೆ ಅಂತ ತಿಳಿದು ಕಣ್ಣು ಪರೀಕ್ಷೆಗೆ ಹೋಗ್ತಾರೆ. ತೆಳ್ಳಗೆ, ನೇರವಾಗಿ, ತುದಿಯಲ್ಲಿ ಸ್ವಲ್ಪವೇ ಬಾಗಿರೋ ಲೋಹದ ಕಡ್ಡಿ ಹೆಲ್ಮೆಟ್ ಹಾಕಿದ ಮೇಲೂ ಸಲೀಸಾಗಿ ಒಳಗೆ ಹೋಗುತ್ತೆ.

ಒಂದು ಕಡೆ ಎತ್ತರ ಕೂತರೆ ಗಾಬರಿ ಬೇಡ, ಎಷ್ಟೋ ಜನರ ಎರಡು ಕಿವಿ ಒಂದೇ ಎತ್ತರದಲ್ಲಿ ಇರೋದಿಲ್ಲ. ಬಲಗಡೆ ಮೇಲಿದ್ದರೆ ಬಲಗಡೆಯ ಕಡ್ಡಿಯನ್ನೇ ಮೇಲಕ್ಕೆ ಓರೆ ಮಾಡಬೇಕು, ಆಗ ಮುಂಭಾಗ ಇಳಿಯುತ್ತೆ. ಕೇಳೋಕೆ ಉಲ್ಟಾ, ಮಾಡಿ ನೋಡಿದರೆ ಸರಿ.

ನಲವತ್ತು ದಾಟಿ, ಹಿಂದಿನವರು ಚಾಳೀಸು ಅಂತಿದ್ದರಲ್ಲ, ಅದು ಬಂದು ಪ್ರೋಗ್ರೆಸಿವ್ (ಮೇಲೆ ದೂರಕ್ಕೆ, ಕೆಳಗೆ ಓದೋಕೆ, ಎರಡೂ ಒಂದೇ ಗಾಜಲ್ಲಿ) ಹಾಕಿಸೋರಿಗೆ ಗಾಜಿನ ಎತ್ತರ 30 ಮಿ.ಮೀ. ಆಸುಪಾಸು ಇದ್ದರೆ ಒಳ್ಳೇದು. ಕಮ್ಮಿಯಾದರೆ ಓದೋ ಭಾಗವೇ ಅರ್ಧ ಕತ್ತರಿಸಿ ಹೋಗುತ್ತೆ. ಇಲ್ಲಿ ಎಡವಟ್ಟಾಗೋದು ಕೆಲಸದ ಕ್ರಮದಲ್ಲಿ. ಮೊದಲು ಪಾಪೆಯ ಎದುರು ಡಮ್ಮಿ ಗಾಜಿನ ಮೇಲೆ ಪೆನ್ನಿಂದ ಗುರುತು ಹಾಕಿ, ವಾರ ಬಿಟ್ಟು ಕನ್ನಡಕ ಕೊಡುವಾಗ ಮೂಗಿನ ಪ್ಯಾಡ್ ಸರಿಮಾಡ್ತಾರೆ. ಅಷ್ಟರಲ್ಲಿ ಫ್ರೇಮ್ ಎರಡು ಮಿ.ಮೀ. ಇಳಿದರೂ ಕಂಪ್ಯೂಟರ್ ನೋಡೋಕೆ ಗದ್ದ ಎತ್ತಿಕೊಂಡೇ ಕೂರಬೇಕಾಗುತ್ತೆ. ಪೆನ್ ಕೈಗೆತ್ತಿಕೊಳ್ಳೋ ಮುಂಚೆ ಪ್ಯಾಡು, ಕಡ್ಡಿ ಎರಡನ್ನೂ ನಿಮ್ಮ ಮುಖಕ್ಕೆ ಕೂರಿಸೋಕೆ ಹೇಳಿ. ಐದು ನಿಮಿಷದ ಕೆಲಸ. ‘ಡೆಲಿವರಿ ಟೈಮಲ್ಲಿ ಮಾಡ್ತೀವಿ ಸರ್’ ಅಂದರೆ ಅಲ್ಲಿಂದ ಎದ್ದು ಬನ್ನಿ.